ಹಳೇ ಸುದ್ದಿಗೊಂದು ತಿದ್ದುಪಡಿ



ಇವತ್ತು ಏಪ್ರಿಲ್ 8. ಬೆಳಗ್ಗೆ ನ್ಯೂಸ್ ಮೀಟಿಂಗ್‌ನಲ್ಲಿ "ಇವತ್ತು ಅಂತಾರಾಷ್ಟ್ರೀಯ ರೋಮಾ ದಿನ, ರಾತ್ರಿ ಅದರ ಬಗ್ಗೆ ಮಾತಾಡ್ತೀನಿ" ಅಂದೆ. "ರೋಮ್ ನಗರದ್ದಾ ಸಾರ್?" ಅಂತ ಡೆಸ್ಕ್‌ನಿಂದ ಒಬ್ಬರು ಕೇಳಿದರು. ಅಲ್ಲ, ಜಿಪ್ಸಿಗಳದ್ದು ಅಂದೆ. ಪಕ್ಕದಲ್ಲಿದ್ದ ಹುಡುಗನಿಗೆ ಮಾರುತಿ ಜಿಪ್ಸಿ ನೆನಪಾಯಿತು. ಅವನ ತಪ್ಪಲ್ಲ. ನಮ್ಮಲ್ಲಿ ಆ ಪದ ಬಂದಿದ್ದೇ ನಾಲ್ಕು ಚಕ್ರದ ಮೇಲೆ.

ಯುರೋಪಿನಲ್ಲಿ ರೋಮಾ ಜನ ಒಂದು ಕೋಟಿಯಿಂದ ಒಂದೂಕಾಲು ಕೋಟಿಯವರೆಗೆ ಇದ್ದಾರೆ ಅಂತ ಲೆಕ್ಕ. ಅಲ್ಲಿನ ಅತಿ ದೊಡ್ಡ ಅಲ್ಪಸಂಖ್ಯಾತ ಸಮುದಾಯ ಇವರೇ. ಈಜಿಪ್ಟಿನಿಂದ ಬಂದವರು ಅಂತ ತಪ್ಪು ತಿಳಿದ ಇಂಗ್ಲಿಷರು ಇಟ್ಟ ಹೆಸರು ಜಿಪ್ಸಿ. ಅವರಲ್ಲಿ ಹಲವರಿಗೆ ಅದು ಬೈಗುಳದ ಹಾಗೆ ಕೇಳಿಸುತ್ತೆ. ಹಾಗಾಗಿ ನಾನು ರೋಮಾ ಅಂತಲೇ ಕರೀತೀನಿ. ಇನ್ನೊಂದು ಮಾತು. ಈ ವಿಷಯ ಎತ್ತಿಕೊಂಡಿದ್ದಕ್ಕೆ ನನ್ನದೇ ಒಂದು ಹಳೇ ಬಾಕಿ ಕಾರಣ. ಅದನ್ನ ಕೊನೆಗೆ ಹೇಳ್ತೀನಿ.

ವರ್ಷಕ್ಕೊಮ್ಮೆ ಒಂದು ವಾಟ್ಸ್ಆ್ಯಪ್ ಫಾರ್ವರ್ಡ್ ಬರುತ್ತೆ, ನಿಮಗೂ ಬಂದಿರಬಹುದು. 'ಯುರೋಪನ್ನು ಗೆದ್ದ ಭಾರತೀಯರು' ಅಂತ ತಲೆಬರಹ. ಕೆಳಗೆ ಹಾಲಿವುಡ್ ನಟರು, ಚಿತ್ರಕಾರರು, ಪಾಪ್ ಗಾಯಕರ ಉದ್ದದ ಪಟ್ಟಿ. ಅವರೆಲ್ಲ ರೋಮಾಗಳು, ಆದ್ದರಿಂದ ನಮ್ಮವರು ಅನ್ನೋ ವಾದ. ಅದರಲ್ಲಿ ಸುಮಾರು ಹೆಸರುಗಳಿಗೆ ಆಧಾರವೇ ಇಲ್ಲ. ಆದರೆ ಮೂಲದ ಮಾತು ಮಾತ್ರ ನಿಜ. ರೋಮಾಗಳ ಹಿರಿಯರು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಉಪಖಂಡದ ಉತ್ತರ ಭಾಗದಿಂದ ಹೊರಟವರು. ಪರ್ಷಿಯಾ, ಅರ್ಮೇನಿಯಾ, ಗ್ರೀಕರ ನಾಡು ದಾಟಿ, 15ನೇ ಶತಮಾನದ ಹೊತ್ತಿಗೆ ಪಶ್ಚಿಮ ಯುರೋಪನ್ನು ಮುಟ್ಟಿದರು. ಯಾಕೆ ಹೊರಟರು, ಒಂದೇ ಸಲ ಹೊರಟರಾ ಅನ್ನೋದರ ಮೇಲೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ.

ಇದು ಗೊತ್ತಾಗಿದ್ದು ಹೇಗೆ? ಅವರು ಬರೆದಿಟ್ಟುಕೊಂಡು ಬಂದ ದಾಖಲೆ ಯಾವುದೂ ಇರಲಿಲ್ಲ. ಬಾಯಲ್ಲಿದ್ದ ಮಾತೇ ದಾಖಲೆ. 1782ರಲ್ಲಿ ರೂಡಿಗರ್ ಅನ್ನೋ ಜರ್ಮನ್ ವಿದ್ವಾಂಸ ಅವರ ಭಾಷೆಯನ್ನು ಹಿಂದೂಸ್ತಾನಿ ಜೊತೆ ಪಕ್ಕಪಕ್ಕ ಇಟ್ಟು ನೋಡಿ, ಇದು ಭಾರತದ್ದು ಅಂತ ಬರೆದ. ನೀವೇ ಕೇಳಿ. ನೀರಿಗೆ ಪಾನಿ. ಮೂಗಿಗೆ ನಾಖ್. ವರ್ಷಕ್ಕೆ ಬೆರ್ಶ್. ಬೆಳ್ಳಿಗೆ ರೂಪ್, ನಮ್ಮ ರೂಪಾಯಿಯ ತಾಯಿಪದ. ಮನುಷ್ಯನಿಗೆ ಮನುಶ್. ಇಂಗ್ಲಿಷಿನಲ್ಲಿ ಗೆಳೆಯನಿಗೆ 'ಪಾಲ್' ಅಂತಾರಲ್ಲ, ಅದು ಇವರ 'ಫ್ರಾಲ್', ಅಂದರೆ ಅಣ್ಣತಮ್ಮ. ಸಂಸ್ಕೃತದ ಭ್ರಾತೃ. ಲಂಡನ್ನಿನ ಪಬ್‌ನಲ್ಲಿ ಕೂತು ಒಬ್ಬರಿಗೊಬ್ಬರು ಪಾಲ್ ಪಾಲ್ ಅಂತ ಕರ್ಕೊಳ್ಳೋರಿಗೆ ಇದು ಗೊತ್ತಿರಲ್ಲ.

ಕಬ್ಬಿಣಕ್ಕೆ ಅವರಲ್ಲಿ 'ಸಸ್ತ್ರಿ' ಅನ್ನುತ್ತಾರೆ. ಮೂಲ 'ಶಸ್ತ್ರ'. ಇದೊಂದು ಪದ ನನ್ನನ್ನ ಹಿಡಿದು ನಿಲ್ಲಿಸಿತು. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಫೌಂಡ್ರಿ ಮತ್ತು ಫೋರ್ಜಿಂಗ್ ಅಂತ ಒಂದು ಲ್ಯಾಬ್ ಇರುತ್ತಿತ್ತು. ದುಂಡನೆಯ ಸರಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು, ಚೌಕ ಮಾಡಬೇಕು. ಹೇಳೋಕೆ ಸುಲಭ. ಇಕ್ಕುಳದಲ್ಲಿ ಹಿಡಿದು ತಿರುಗಿಸೋ ಅಷ್ಟರಲ್ಲಿ ಸರಳು ಆರಿ ಕಪ್ಪಾಗಿರುತ್ತೆ. ನಾಲ್ಕೈದು ಏಟಿಗೆ ಭುಜ ಬಿದ್ದುಹೋಗುತ್ತೆ. ನಮ್ಮ ಬ್ಯಾಚ್‌ನಲ್ಲಿ ನೆಟ್ಟಗೆ ಚೌಕ ಮಾಡಿದವರು ಇಬ್ಬರೋ ಮೂವರೋ. ನಾನು ಅವರಲ್ಲಿ ಇರಲಿಲ್ಲ. ಪಾಪ, ಲ್ಯಾಬ್ ಇನ್‌ಸ್ಟ್ರಕ್ಟರ್ ಪಾಸ್ ಮಾಡಿಸಿದರು.

ರೋಮಾ ಭಾಷೆಯಲ್ಲಿ ಕಬ್ಬಿಣ ಭಾರತದ್ದು. ಅಡಿಗಲ್ಲು, ಕುದುರೆ ಲಾಳ, ಮೊಳೆ, ಈ ಪದಗಳು ಗ್ರೀಕಿನಿಂದ ಬಂದವು. ಅಂದರೆ ಗ್ರೀಕರ ಸೀಮೆಯಲ್ಲಿ ಇವರು ಸುಮ್ಮನೆ ಹಾದುಹೋಗಲಿಲ್ಲ. ಅಲ್ಲಿ ಕುಲುಮೆ ಹಾಕಿದ್ದಾರೆ, ತಿದಿ ಊದಿದ್ದಾರೆ, ಊರಿನವರ ಕುದುರೆಗೆ ಲಾಳ ಕಟ್ಟಿದ್ದಾರೆ. ಯುರೋಪಿಗೆ ಇವರ ಕೊಡುಗೆ ಏನು ಅಂದರೆ ಎಲ್ಲರೂ ಮೊದಲು ಹಾಡು ಕುಣಿತ ಅಂತಾರೆ. ನಾನು ಇಲ್ಲಿಂದ ಶುರು ಮಾಡ್ತೀನಿ. ರೈಲು, ಮೋಟಾರು ಬರೋ ಮುಂಚಿನ ಯುರೋಪ್ ಓಡಾಡಿದ್ದು ಕುದುರೆ ಮೇಲೆ. ಆ ಕುದುರೆಯ ಕಾಲಿಗೆ ಲಾಳ ಕಟ್ಟಿದವರಲ್ಲಿ, ಸಂತೆಯಲ್ಲಿ ಕುದುರೆ ಪರೀಕ್ಷೆ ಮಾಡಿ ಮಾರಿದವರಲ್ಲಿ ಇವರಿದ್ದರು. ರೋಮಾಗಳಲ್ಲಿ ಕಾಲ್ದೆರಾಶ್ ಅಂತ ಒಂದು ದೊಡ್ಡ ಪಂಗಡ. ಹೆಸರಿನ ಅರ್ಥ ಕೊಪ್ಪರಿಗೆ ಮಾಡುವವರು. ತಾಮ್ರದ ಪಾತ್ರೆ ತಟ್ಟೋದು, ತೂತು ಮುಚ್ಚೋದು, ಕಲಾಯಿ ಹಾಕೋದು. ನಮ್ಮ ಅಜ್ಜಿಯ ಕಾಲದಲ್ಲಿ ಬೀದಿಗೆ ಬಂದು ಕೂಗುತ್ತಿದ್ದರಲ್ಲ ಕಲಾಯಿಯವರು, ಅದೇ ಕೆಲಸ.

ಇಷ್ಟು ಕೆಲಸ ಬರುವವರಿಗೆ ಏನು ಸಿಕ್ಕಿತು? ಇವತ್ತಿನ ರೊಮೇನಿಯಾದ ಜಾಗದಲ್ಲಿ ವಲಾಕಿಯಾ, ಮೊಲ್ದಾವಿಯಾ ಅಂತ ಎರಡು ಸಂಸ್ಥಾನಗಳಿದ್ದವು. ಅಲ್ಲಿ ಇವರನ್ನು ಗುಲಾಮರನ್ನಾಗಿ ಇಟ್ಟುಕೊಂಡರು. ಗುಲಾಮ ಅಂದರೆ ಕೂಲಿಯವನು ಅಂತಲ್ಲ. ಕೊಳ್ಳಬಹುದು, ಮಾರಬಹುದು, ದಾನ ಕೊಡಬಹುದು. 1385ರ ಒಂದು ದಾಖಲೆಯಲ್ಲಿ ತಿಸ್ಮಾನಾ ಅನ್ನೋ ಮಠಕ್ಕೆ ರಾಜ 40 ರೋಮಾ ಕುಟುಂಬಗಳ ದಾನವನ್ನು ಖಾಯಂ ಮಾಡಿದ್ದಾನೆ. ಮೊಲ್ದಾವಿಯಾದಲ್ಲಿ ಇದು ನಿಂತಿದ್ದು 1855ರಲ್ಲಿ, ವಲಾಕಿಯಾದಲ್ಲಿ 1856ರಲ್ಲಿ. ನಮ್ಮಲ್ಲಿ ಸಿಪಾಯಿ ದಂಗೆಯ ಹಿಂದಿನ ವರ್ಷ. ಬಿಡುಗಡೆ ಆದಾಗ ಪರಿಹಾರದ ದುಡ್ಡು ಹೋಗಿದ್ದು ಮಾಲೀಕರಿಗೆ. ಗುಲಾಮರು ಬರಿಗೈಯಲ್ಲಿ ಹೊರಟರು.

ಸ್ಪೇನಿನ ಕತೆ ಇನ್ನೊಂದು ಥರ. 1749ರ ಜುಲೈ 30. ರಾಜನ ಒಪ್ಪಿಗೆ, ಮಂತ್ರಿ ಎನ್ಸೆನಾದನ ಪ್ಲಾನ್. ಇಡೀ ದೇಶದಲ್ಲಿ ಒಂದೇ ಸಲಕ್ಕೆ ಇವರನ್ನು ಹಿಡಿದು ಹಾಕಿ ಅಂತ ಆಜ್ಞೆ. ಅಲ್ಲಿ ಇವರಿಗೆ ಹಿತಾನೋ ಅಂತಾರೆ. ಸುಮಾರು 9 ಸಾವಿರ ಜನರನ್ನ ಹಿಡಿದರು. ಗಂಡಸರನ್ನ ನೌಕಾಪಡೆಯ ಕಾರ್ಖಾನೆಗಳಿಗೆ, ಹೆಂಗಸರನ್ನ ಸಣ್ಣ ಮಕ್ಕಳ ಜೊತೆ ಬೇರೆ ಕಡೆಗೆ. ಗಂಡು ಹೆಣ್ಣು ಬೇರೆ ಇಟ್ಟರೆ ಮುಂದೆ ಹುಟ್ಟೋದೇ ಇಲ್ಲ ಅನ್ನೋ ಲೆಕ್ಕಾಚಾರ. ಆಮೇಲೆ ಏನಾಯ್ತು ಗೊತ್ತಾ? ಕೆಲವು ಊರುಗಳ ಆಡಳಿತದವರೇ ಅರ್ಜಿ ಬರೆದರು. ನಮ್ಮ ಕಮ್ಮಾರನನ್ನು ವಾಪಸ್ ಕೊಡಿ, ಊರಿನಲ್ಲಿ ನೇಗಿಲು ಗುದ್ದಲಿ ಮಾಡೋಕೆ ಜನ ಇಲ್ಲ ಅಂತ. ಹಿಡಿಸಿ ಕಳಿಸಿದ ಮೇಲೆ ಅವನು ಏನು ಮಾಡ್ತಿದ್ದ ಅಂತ ನೆನಪಾಯಿತು! ಎಲ್ಲರೂ ಹೊರಗೆ ಬರುವಷ್ಟರಲ್ಲಿ ಹದಿನಾರು ವರ್ಷ ಕಳೆದಿತ್ತು.

ಅದೇ ಕುಲುಮೆಯ ಪಕ್ಕದಲ್ಲಿ ಫ್ಲಾಮೆಂಕೋ ಬೆಳೆಯಿತು. ಫ್ಲಾಮೆಂಕೋ ಪೂರ್ತಿ ಹಿತಾನೋಗಳದ್ದು ಅಂದರೆ ತಪ್ಪಾಗುತ್ತೆ. ಆಂದಲೂಸಿಯಾದ ಹಳ್ಳಿ ಹಾಡು ಅದರಲ್ಲಿದೆ, ಅರಬರ ಕಾಲದ ನೆರಳಿದೆ. ಆದರೆ ಇವರನ್ನು ತೆಗೆದುಬಿಟ್ಟರೆ ಫ್ಲಾಮೆಂಕೋ ಅಂತ ಕರೆಯೋದಕ್ಕೆ ಏನೂ ಉಳಿಯಲ್ಲ. ಅದರಲ್ಲಿ ಮಾರ್ತಿನೇತೆ ಅಂತ ಒಂದು ಬಗೆಯ ಹಾಡಿದೆ. ಗಿಟಾರ್ ಇಲ್ಲ, ಚಪ್ಪಾಳೆ ಇಲ್ಲ. ಸುತ್ತಿಗೆ ಅನ್ನೋ ಪದದಿಂದಲೇ ಅದರ ಹೆಸರು. ಇವತ್ತಿಗೂ ವೇದಿಕೆ ಮೇಲೆ ಅಡಿಗಲ್ಲು ಇಟ್ಟು, ಸುತ್ತಿಗೆಯಲ್ಲಿ ತಾಳ ಹಾಕುತ್ತಾ ಹಾಡ್ತಾರೆ. ಯೂಟ್ಯೂಬ್‌ನಲ್ಲಿ ಹುಡುಕಿ ಕೇಳಿ. ಅಂದು ಲ್ಯಾಬ್‌ನಲ್ಲಿ ನಾನು ಬಡಿದ ಸದ್ದು ಹಾಗಿರಲಿಲ್ಲ, ಅದಂತೂ ಗ್ಯಾರಂಟಿ.

ಕಳೆದ ಶತಮಾನದ ದೊಡ್ಡ ಫ್ಲಾಮೆಂಕೋ ಗಾಯಕ ಕಮರೋನ್ ದೆ ಲಾ ಇಸ್ಲಾ. 1950ರಲ್ಲಿ ಕಾದಿಸ್ ಬಳಿಯ ಸಾನ್ ಫೆರ್ನಾಂದೋದಲ್ಲಿ ಹುಟ್ಟಿದ. ಅಪ್ಪ ಕಮ್ಮಾರ, ಮನೆಯಲ್ಲೇ ಕುಲುಮೆ. 1992ರಲ್ಲಿ ಸತ್ತಾಗ ಅವನಿಗೆ ಬರೀ 41 ವರ್ಷ. ಕಮರೋನ್ ಅಂದರೆ ಸೀಗಡಿ. ಹುಡುಗ ಬೆಳ್ಳಗೆ, ಕೂದಲು ಕೆಂಚು ಅಂತ ಅವನ ಮಾವ ತಮಾಷೆಗೆ ಇಟ್ಟ ಹೆಸರು. ಈ ಕೆಂಚು ಕೂದಲನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. 2010ರಲ್ಲಿ ಯುನೆಸ್ಕೋ ಫ್ಲಾಮೆಂಕೋವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಂಗೇರಿಗೆ ಬನ್ನಿ. ಅಲ್ಲಿ ಯಾನೋಶ್ ಬಿಹಾರಿ ಅಂತ ಒಬ್ಬ ರೋಮಾ ಪಿಟೀಲುಗಾರ ಇದ್ದ. ಹುಟ್ಟಿದ್ದು 1764ರಲ್ಲಿ. ಬಿಹಾರಿ ಅಂದ ಕೂಡಲೇ ಪಟ್ನಾ ನೆನಪು ಮಾಡ್ಕೋಬೇಡಿ, ಫಾರ್ವರ್ಡ್ ಕಳಿಸುವವರು ಖಂಡಿತ ಅದನ್ನೇ ಮಾಡ್ತಾರೆ. ಬಿಹಾರ್ ಅಂತ ಹಂಗೇರಿಯಲ್ಲೇ ಒಂದು ಜಿಲ್ಲೆ ಇತ್ತು, ಹೆಸರು ಅಲ್ಲಿಯದು. ನೆಪೋಲಿಯನ್‌ನನ್ನು ಸೋಲಿಸಿದ ಮೇಲೆ ಯುರೋಪಿನ ರಾಜರೆಲ್ಲ ವಿಯೆನ್ನಾದಲ್ಲಿ ಸೇರಿದ್ದರಲ್ಲ, ಅಲ್ಲಿ ಅವರೆದುರು ಬಾರಿಸಿದವನು ಈ ಬಿಹಾರಿ. ಅವನಿಗೆ ಸ್ವರಲಿಪಿ ಬರೆಯೋಕೆ ಬರುತ್ತಿರಲಿಲ್ಲ. ಅವನು ನುಡಿಸಿದ್ದನ್ನ ಬೇರೆಯವರು ಬರೆದುಕೊಂಡರು. ಹುಡುಗನಾಗಿದ್ದಾಗ ಅವನನ್ನು ಕೇಳಿ ಮರುಳಾದವನು ಫ್ರಾನ್ಸ್ ಲಿಸ್ಟ್. ಮುಂದೆ ಅವನ ಹಂಗೇರಿಯನ್ ರ‍್ಯಾಪ್ಸಡಿಗಳು ಜಗತ್ಪ್ರಸಿದ್ಧವಾದವು. ಬ್ರಾಹ್ಮ್ಸ್‌ನ ಹಂಗೇರಿಯನ್ ಡಾನ್ಸಸ್ ಕೂಡ ಇಂಥ ರೋಮಾ ವಾದ್ಯತಂಡಗಳ ಶೈಲಿಯಿಂದಲೇ ಬಂದದ್ದು. ತಲೆಬರಹ ನೋಡಿ, ಹಂಗೇರಿಯನ್. ನುಡಿಸಿದವನ ಜಾತಿ ತಲೆಬರಹದಲ್ಲಿ ಇಲ್ಲ.

ಇಲ್ಲೊಂದು ತಕರಾರಿದೆ, ಮುಚ್ಚಿಡೋದು ಸರಿಯಲ್ಲ. ಲಿಸ್ಟ್ 1859ರಲ್ಲಿ ಪುಸ್ತಕ ಬರೆದು, ಹಂಗೇರಿಯ ಸಂಗೀತವೇ ರೋಮಾಗಳದ್ದು ಅಂದುಬಿಟ್ಟ. ಹಂಗೇರಿಯವರು ಕೆಂಡವಾದರು. ಆಮೇಲೆ ಬೇಲಾ ಬಾರ್ಟೋಕ್ ಹಳ್ಳಿ ಹಳ್ಳಿ ತಿರುಗಿ, ರೈತರ ಹಾಡು ರೆಕಾರ್ಡ್ ಮಾಡಿ, ರೋಮಾ ತಂಡಗಳು ಪಟ್ಟಣದ ಕೆಫೆಗಳಲ್ಲಿ ನುಡಿಸ್ತಿದ್ದದ್ದು ಹೆಚ್ಚಾಗಿ ಹಂಗೇರಿಯವರೇ ಕಟ್ಟಿದ ಹಾಡುಗಳು ಅಂತ ತೋರಿಸಿದ. ಬಾರ್ಟೋಕ್ ಹೇಳಿದ್ದರಲ್ಲಿ ಹುರುಳಿದೆ. ಆದರೆ ನಮಗೆ ಇದು ಹೊಸದಾ? ಕೀರ್ತನೆ ಕಟ್ಟಿದವರು ಒಬ್ಬರು, ಅದನ್ನ ಮದುವೆ ಮನೆಯಲ್ಲಿ, ಉತ್ಸವದಲ್ಲಿ ತಲೆತಲಾಂತರ ಊದಿ ಜನರ ಕಿವಿಯಲ್ಲಿ ಉಳಿಸಿದವರು ನಾದಸ್ವರದವರು. ಊದಿದ್ದಕ್ಕೆ ಬೆಲೆ ಇಲ್ಲ ಅನ್ನೋಕಾಗುತ್ತಾ?

ಈಗ ನನಗೆ ತುಂಬಾ ಇಷ್ಟವಾದ ಮನುಷ್ಯ. ಜಾಂಗೋ ರೈನ್‌ಹಾರ್ಟ್. ಬೆಲ್ಜಿಯಂನಲ್ಲಿ 1910ರಲ್ಲಿ ಹುಟ್ಟಿದ, ಪ್ಯಾರಿಸ್ ಪಕ್ಕದ ಬಂಡಿಮನೆಗಳ ಬಿಡಾರದಲ್ಲಿ ಬೆಳೆದ. ಫ್ರಾನ್ಸಿನ ಈ ಪಂಗಡಕ್ಕೆ ಮನೂಶ್ ಅಂತ ಹೆಸರು. ಆಗಲೇ ಹೇಳಿದೆನಲ್ಲ, ಮನುಷ್ಯ ಅಂತ ಅರ್ಥ. ಹದಿನೆಂಟನೇ ವಯಸ್ಸಿಗೆ ಬ್ಯಾಂಜೋ ನುಡಿಸಿ ಹೆಸರು ಮಾಡಿದ್ದ. 1928ರ ಒಂದು ರಾತ್ರಿ ಮನೆಗೆ ಬಂದ. ಹೆಂಡತಿ ಮಾರೋಕೆ ಅಂತ ಸೆಲ್ಯುಲಾಯ್ಡ್ ಹೂವು ಮಾಡಿಟ್ಟಿದ್ದಳು. ಮೇಣದಬತ್ತಿ ತಾಗಿತು. ಸೆಲ್ಯುಲಾಯ್ಡ್ ಅಂದರೆ ಹಳೇ ಕಾಲದ ಸಿನಿಮಾ ರೀಲಿನ ವಸ್ತು, ಭಗ್ ಅಂತ ಹತ್ತಿಕೊಳ್ಳುತ್ತೆ. ಇಬ್ಬರೂ ಹೊರಗೆ ಬಂದರು. ಆದರೆ ಅವನ ಮೈ ಅರ್ಧ ಬೆಂದಿತ್ತು. ಕಾಲು ಕತ್ತರಿಸಬೇಕು ಅಂದರು ಡಾಕ್ಟರು, ಒಪ್ಪಲಿಲ್ಲ. ಎಡಗೈಯ ಉಂಗುರದ ಬೆರಳು, ಕಿರುಬೆರಳು ಸುಟ್ಟು ಮುರುಟಿಕೊಂಡವು.

ಗಿಟಾರ್ ನುಡಿಸುವವರನ್ನ ಕೇಳಿ. ತಂತಿ ಒತ್ತೋದು ಎಡಗೈ. ನಾಲ್ಕು ಬೆರಳಿದ್ದರೂ ಸಾಲಲ್ಲ. ಇವನಿಗೆ ಉಳಿದಿದ್ದು ತೋರುಬೆರಳು, ಮಧ್ಯದ ಬೆರಳು. ತಮ್ಮ ಹೊಸ ಗಿಟಾರ್ ತಂದುಕೊಟ್ಟ. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಕೂತು, ಇಡೀ ವಾದ್ಯವನ್ನು ಎರಡು ಬೆರಳಿಗೆ ತಕ್ಕ ಹಾಗೆ ಮೊದಲಿಂದ ಲೆಕ್ಕ ಹಾಕಿದ. ಬೆರಳು ಅಡ್ಡಡ್ಡ ಹರಡೋಕೆ ಆಗಲ್ಲ ಅಂದ ಮೇಲೆ, ತಂತಿಯ ಉದ್ದಕ್ಕೂ ಮೇಲೆ ಕೆಳಗೆ ಓಡೋದನ್ನ ಕಲಿತ. ಮುರುಟಿದ ಬೆರಳನ್ನೂ ಕೆಲವು ಸ್ವರಮೇಳಗಳಿಗೆ ದುಡಿಸಿಕೊಂಡ. ಇಂಜಿನಿಯರಿಂಗ್‌ನಲ್ಲಿ ನಾವು ಓದಿದ್ದು ಇದನ್ನೇ ತಾನೇ, ಇರೋ ಮಿತಿಯೊಳಗೆ ಡಿಸೈನ್ ಮಾಡೋದು. ಸಂಗೀತ ಇವರ ರಕ್ತದಲ್ಲೇ ಇದೆ ಅಂತಾರಲ್ಲ, ಹೊಗಳಿಕೆ ಅಂದುಕೊಂಡೇ ಅಂತಾರೆ. ಆ ಹಾಸಿಗೆಯ ಮೇಲಿನ ಸಾಧನೆ ಎಲ್ಲಿ ಹೋಯಿತು?

1934ರಲ್ಲಿ ಪಿಟೀಲುಗಾರ ಸ್ಟೆಫಾನ್ ಗ್ರಾಪೆಲ್ಲಿ ಜೊತೆ ಪ್ಯಾರಿಸ್‌ನಲ್ಲಿ ತಂಡ ಕಟ್ಟಿದ. ಮೂರು ಗಿಟಾರ್, ಒಂದು ಪಿಟೀಲು, ಒಂದು ಡಬಲ್ ಬೇಸ್. ಡ್ರಮ್ ಇಲ್ಲ, ತುತ್ತೂರಿ ಇಲ್ಲ. ಅಲ್ಲಿಯವರೆಗೆ ಜಾಝ್ ಅಂದರೆ ಅಮೆರಿಕದಿಂದ ಬಂದದ್ದು. ಯುರೋಪಿನ ಸ್ವಂತದ ಜಾಝ್ ಶುರುವಾಗಿದ್ದು ಇಲ್ಲಿಂದ. 1946ರಲ್ಲಿ ಅಮೆರಿಕಕ್ಕೇ ಹೋಗಿ ಡ್ಯೂಕ್ ಎಲಿಂಗ್ಟನ್ ಜೊತೆ ನುಡಿಸಿ ಬಂದ. 1953ರಲ್ಲಿ ತೀರಿಕೊಂಡ, 43ನೇ ವಯಸ್ಸಿಗೆ.

ಇದಕ್ಕೊಂದು ಬಾಲ ಇದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ 17 ವರ್ಷದ ಒಬ್ಬ ಹುಡುಗ, ತಗಡಿನ ಕಾರ್ಖಾನೆಯಲ್ಲಿ ಕೆಲಸ. ಮೆಷಿನ್‌ಗೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವನು ಎಡಚ, ತಂತಿ ಒತ್ತೋದು ಆ ಕೈಯಲ್ಲೇ. ಇನ್ನು ಗಿಟಾರ್ ಮುಗೀತು ಅಂತ ಕೂತಿದ್ದ. ಕಾರ್ಖಾನೆಯ ಫೋರ್‌ಮನ್ ಒಂದು ರೆಕಾರ್ಡ್ ತಂದು ಹಾಕಿದ. ಇವನು ಎರಡೇ ಬೆರಳಲ್ಲಿ ನುಡಿಸ್ತಾನೆ ಕೇಳು ಅಂದ. ರೆಕಾರ್ಡ್ ಜಾಂಗೋದು. ಆ ಹುಡುಗ ಟೋನಿ ಐಯೋಮಿ. ಮುಂದೆ ಅವನು ಕಟ್ಟಿದ ತಂಡ ಬ್ಲ್ಯಾಕ್ ಸಬಾತ್. ಹೆವಿ ಮೆಟಲ್ ಅನ್ನೋ ಸಂಗೀತ ಶುರುವಾಗಿದ್ದೇ ಆ ತಂಡದಿಂದ ಅಂತಾರೆ. ನಮ್ಮ ಹಾಸ್ಟೆಲಿನ ಗೋಡೆ ತುಂಬ ಅವರ ಪೋಸ್ಟರ್ ಇರುತ್ತಿತ್ತು.

ಬರವಣಿಗೆಯಲ್ಲೂ ಇದ್ದಾರೆ. ಸ್ವೀಡನ್ನಿನ ಕತರೀನಾ ಟೈಕಾನ್ ಅವರು ಓದು ಬರಹ ಕಲಿತಿದ್ದು ದೊಡ್ಡವರಾದ ಮೇಲೆ. ರೋಮಾ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದ ಕಾಲ ಅದು. ಕಲಿತ ಮೇಲೆ ಕತಿಟ್ಸಿ ಅನ್ನೋ ಪುಟ್ಟ ರೋಮಾ ಹುಡುಗಿಯ ಕತೆಗಳನ್ನು ಬರೆದರು. ಒಂದು ತಲೆಮಾರಿನ ಸ್ವೀಡಿಶ್ ಮಕ್ಕಳು ಆ ಪುಸ್ತಕ ಓದಿ ಬೆಳೆದರು. ಆಮೇಲೆ ಅದು ಟಿವಿ ಧಾರಾವಾಹಿಯೂ ಆಯಿತು.

ಜರ್ಮನಿಯಲ್ಲಿ ಯೋಹಾನ್ ಟ್ರೋಲ್‌ಮನ್ ಅಂತ ಬಾಕ್ಸರ್. 1933ರ ಜೂನ್ 9ರಂದು ಲೈಟ್ ಹೆವಿವೇಟ್ ರಾಷ್ಟ್ರೀಯ ಪಟ್ಟಕ್ಕೆ ಪಂದ್ಯ. ಹಿಟ್ಲರ್ ಬಂದು ಐದು ತಿಂಗಳೂ ಆಗಿರಲಿಲ್ಲ. ರಿಂಗ್‌ನಲ್ಲಿ ಕುಣಿಯುತ್ತಾ ಹೊಡೆಯೋದು ಇವನ ಶೈಲಿ. ಗೆದ್ದಿದ್ದ, ಆದರೆ ತೀರ್ಪುಗಾರರು ಪಟ್ಟ ಕೊಡಲಿಲ್ಲ. ಜನ ಗಲಾಟೆ ಮಾಡಿದ ಮೇಲೆ ಕೊಟ್ಟರು, ಕೆಲವೇ ದಿನದಲ್ಲಿ ಕಿತ್ತುಕೊಂಡರು. ಮುಂದಿನ ಪಂದ್ಯ ಜುಲೈ 21. ಅವತ್ತು ಅವನು ಕೂದಲಿಗೆ ಹಳದಿ ಬಣ್ಣ ಹಾಕಿಕೊಂಡು, ಮೈಗೆಲ್ಲ ಹಿಟ್ಟು ಬಳಿದುಕೊಂಡು ಬಂದ. ನಿಮಗೆ ಆರ್ಯ ಬೇಕಾ, ತಗೊಳ್ಳಿ ಅನ್ನೋ ಹಾಗೆ. ಕುಣಿಯಲಿಲ್ಲ. ಕಾಲು ಊರಿ ನಿಂತು ಏಟು ತಿಂದ. ಐದನೇ ಸುತ್ತಿಗೆ ಬಿದ್ದ. 1944ರಲ್ಲಿ ನಾಜಿಗಳ ಕ್ಯಾಂಪ್‌ನಲ್ಲಿ ಕೊಂದರು. 2003ರಲ್ಲಿ ಜರ್ಮನ್ ಬಾಕ್ಸಿಂಗ್ ಸಂಸ್ಥೆ ಅವನ ಪಟ್ಟವನ್ನು ಮನೆಯವರಿಗೆ ವಾಪಸ್ ಕೊಟ್ಟಿತು.

ನಾಜಿಗಳು ಕೊಂದ ರೋಮಾಗಳ ಸಂಖ್ಯೆ ಎರಡು ಲಕ್ಷದಿಂದ ಐದು ಲಕ್ಷದವರೆಗೆ ಅಂತ ಅಂದಾಜು. 1944ರ ಆಗಸ್ಟ್ 2ರ ಒಂದೇ ರಾತ್ರಿ ಆಶ್‌ವಿಟ್ಜ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನ ಗ್ಯಾಸ್ ಚೇಂಬರಿಗೆ ನೂಕಿದರು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಇದು ಜನಾಂಗದ ಕಾರಣಕ್ಕೆ ನಡೆದ ಹತ್ಯೆ ಅಂತ ಪಶ್ಚಿಮ ಜರ್ಮನಿ ಸರ್ಕಾರ ಬಾಯಿಬಿಟ್ಟು ಒಪ್ಪಿಕೊಂಡಿದ್ದು 1982ರಲ್ಲಿ. 38 ವರ್ಷ ಬೇಕಾಯಿತು. ಅಲ್ಲಿಯವರೆಗೆ ಪರಿಹಾರ ಕೇಳಿ ಹೋದ ಎಷ್ಟೋ ಜನರಿಗೆ, ನಿಮ್ಮನ್ನ ಹಿಡಿದಿದ್ದು ಜನಾಂಗ ನೋಡಿ ಅಲ್ಲ, ಅಪರಾಧಿಗಳು ಅಂತ ಅನ್ನೋ ಉತ್ತರ ಸಿಗುತ್ತಿತ್ತು.

1971ರ ಏಪ್ರಿಲ್ 8ರಂದು ಲಂಡನ್ ಹತ್ತಿರ ಬೇರೆ ಬೇರೆ ದೇಶಗಳ ರೋಮಾಗಳು ಮೊದಲ ಸಲ ವಿಶ್ವ ಸಮ್ಮೇಳನ ಮಾಡಿದರು. ಇವತ್ತಿನ ದಿನದ ಹಿನ್ನೆಲೆ ಅದು. ಅಲ್ಲಿ ಒಪ್ಪಿಕೊಂಡ ಧ್ವಜ ನೋಡಿ. ಮೇಲೆ ನೀಲಿ, ಕೆಳಗೆ ಹಸಿರು, ಮಧ್ಯೆ ಕೆಂಪು ಚಕ್ರ. ಬಂಡಿಯ ಚಕ್ರವೂ ಹೌದು, ನಮ್ಮ ಅಶೋಕ ಚಕ್ರದ ನೆನಪೂ ಹೌದು. ಭಾರತದ ಡಬ್ಲ್ಯು. ಆರ್. ರಿಷಿ ಅವರು ಆ ಸಭೆಯಲ್ಲಿದ್ದರು, ಮುಂದೆ ಚಂಡೀಗಢದಲ್ಲಿ ರೋಮಾ ಅಧ್ಯಯನಕ್ಕೆ ಒಂದು ಸಂಸ್ಥೆ ಕಟ್ಟಿದರು. 2016ರಲ್ಲಿ ದೆಹಲಿಯಲ್ಲಿ ನಡೆದ ರೋಮಾ ಸಮ್ಮೇಳನವನ್ನು ಸುಷ್ಮಾ ಸ್ವರಾಜ್ ಉದ್ಘಾಟಿಸಿದ್ದರು. ಅವರು ನಮ್ಮವರು ಅಂತ ಹೇಳ್ಕೊಳ್ಳೋದರಲ್ಲಿ ನಾವು ಹಿಂದೆ ಬಿದ್ದಿಲ್ಲ.

ಈಗ ನನ್ನ ಬಾಕಿ.

2013ರ ಅಕ್ಟೋಬರ್. ಆಗ ನಾನು ಬೇರೊಂದು ಚಾನೆಲ್‌ನ ಡೆಸ್ಕ್‌ನಲ್ಲಿದ್ದೆ, ಕೆಲಸ ಹೊಸದು, ನೈಟ್ ಶಿಫ್ಟ್. ಗ್ರೀಸ್‌ನಿಂದ ಏಜೆನ್ಸಿ ಸುದ್ದಿ ಬಂತು. ಫಾರ್ಸಲಾ ಅನ್ನೋ ಊರಿನ ಹತ್ತಿರ ರೋಮಾಗಳ ಬಿಡಾರದ ಮೇಲೆ ಪೊಲೀಸ್ ದಾಳಿ. ಒಂದು ಮನೆಯಲ್ಲಿ ಹಾಲು ಬಿಳುಪಿನ, ಬಂಗಾರದ ಕೂದಲಿನ ಹುಡುಗಿ. ಮನೆಯವರು ಕಪ್ಪು. ಡಿಎನ್‌ಎ ಹೊಂದಲಿಲ್ಲ. ಹೆತ್ತವಳೇ ನಮಗೆ ಕೊಟ್ಟಳು, ಸಾಕಿದೆವು ಅಂದರು ದಂಪತಿ. ಯಾರೂ ನಂಬಲಿಲ್ಲ. ಹುಡುಗಿಯ ಫೋಟೋ ಜಗತ್ತಿನ ಎಲ್ಲ ಚಾನೆಲ್‌ನಲ್ಲಿ. 'ಜಿಪ್ಸಿಗಳ ಗುಡಾರದಲ್ಲಿ ಬಂಗಾರದ ಗೊಂಬೆ: ಮಕ್ಕಳ ಕಳ್ಳರ ಜಾಲ ಬಯಲು' ಅಂತ ಹೆಡ್‌ಲೈನ್ ಕೊಟ್ಟವನು ನಾನು. ಏಜೆನ್ಸಿ ಕಾಪಿಯಲ್ಲಿ 'ಜಾಲ ಬಯಲು' ಅಂತ ಇರಲಿಲ್ಲ. ಅದು ನನ್ನ ಒಗ್ಗರಣೆ. ಬೆಳಗ್ಗೆ ಸೀನಿಯರ್ ಬೆನ್ನು ತಟ್ಟಿದರು.

ಅದೇ ವಾರ ಐರ್ಲೆಂಡಿನಲ್ಲಿ ಎರಡು ರೋಮಾ ಮನೆಗಳಿಂದ ಕೆಂಚು ಕೂದಲಿನ ಇಬ್ಬರು ಮಕ್ಕಳನ್ನು ಪೊಲೀಸರು ಎತ್ತಿಕೊಂಡು ಹೋದರು. ಡಿಎನ್‌ಎ ಪರೀಕ್ಷೆ ಆಯಿತು, ಮಕ್ಕಳು ಆ ಅಪ್ಪ ಅಮ್ಮನವೇ. ವಾಪಸ್ ಬಿಟ್ಟರು, ಮುಂದೆ ಅಲ್ಲಿನ ಸರ್ಕಾರ ಕ್ಷಮೆ ಕೇಳಿತು. ಗ್ರೀಸ್‌ನ ಹುಡುಗಿಯ ಅಪ್ಪ ಅಮ್ಮನೂ ಸಿಕ್ಕರು, ಬಲ್ಗೇರಿಯಾದಲ್ಲಿ. ರೋಮಾಗಳೇ. ಸಾಕೋಕೆ ಆಗದೆ ಬಿಟ್ಟು ಬಂದೆ ಅಂದಳು ಹೆತ್ತವಳು. ಆ ಕಾಪಿ ಬಂದಾಗಲೂ ನಾನೇ ಶಿಫ್ಟ್‌ನಲ್ಲಿದ್ದೆ. "ಇದನ್ನ ಹಾಕೋಣವಾ ಸಾರ್?" ಅಂತ ಕೇಳಿದೆ. "ಈಗ ಯಾರಿಗೆ ಬೇಕು ಬಿಡಪ್ಪ" ಅಂದರು. ಬಿಟ್ಟೆ. ಕಮರೋನ್‌ನ ಕೆಂಚು ಕೂದಲು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಿಡುತ್ತಿದ್ದೆನೇನೋ.

2018ರಲ್ಲಿ ಮಕ್ಕಳ ಕಳ್ಳರು ಅನ್ನೋ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ಅಮಾಯಕ ಸತ್ತ, ಬೀದರ್ ಜಿಲ್ಲೆಯಲ್ಲಿ ಇನ್ನೊಬ್ಬ. ನಾನು ಸ್ಟುಡಿಯೋದಲ್ಲಿ ಕೂತು, ವದಂತಿ ನಂಬಬೇಡಿ ಅಂತ ಜನರಿಗೆ ಬುದ್ಧಿ ಹೇಳಿದೆ. ಹೇಳ್ತಾ ಇರುವಾಗಲೇ ನನ್ನ ಹಳೇ ಹೆಡ್‌ಲೈನ್ ಅಕ್ಷರ ಸಮೇತ ಕಣ್ಣ ಮುಂದೆ ಬಂತು. ಆ ಮೇಲೂ ಇಷ್ಟು ವರ್ಷ ಸುಮ್ಮನಿದ್ದೆ. ಇವತ್ತು ಓದಿಬಿಡ್ತೀನಿ.

ತಿದ್ದುಪಡಿ. 2013ರ ಅಕ್ಟೋಬರ್‌ನಲ್ಲಿ ಗ್ರೀಸ್ ದೇಶದ ರೋಮಾ ದಂಪತಿಯ ಬಗ್ಗೆ ನಾನು ಬರೆದು ಪ್ರಸಾರವಾದ ಸುದ್ದಿಯಲ್ಲಿ 'ಮಕ್ಕಳ ಕಳ್ಳರ ಜಾಲ ಬಯಲು' ಎಂಬ ಸಾಲು ಆಧಾರವಿಲ್ಲದ್ದು. ಅಂಥ ಯಾವ ಜಾಲವೂ ಬಯಲಾಗಿರಲಿಲ್ಲ. ಡಿಎನ್‌ಎ ಪರೀಕ್ಷೆಯಿಂದ ತಿಳಿದ ಪ್ರಕಾರ ಆ ಬಾಲಕಿ ಬಲ್ಗೇರಿಯಾದ ರೋಮಾ ದಂಪತಿಯ ಮಗಳು. ಈ ವಿವರ ಅದೇ ತಿಂಗಳು ನನ್ನ ಕೈಗೆ ಬಂದಿದ್ದರೂ ಪ್ರಸಾರ ಮಾಡಲಿಲ್ಲ.